ಸಹಾಯ ಬೇಕು: ಕೊಪ್ಪಳದಾಗ ಮಾಡ್ಯುಲರ್ ಕಿಚನ್, ಮೂರು ಕೊಟೇಶನ್, ಯಾವುದು ಹಿಡೀಲಿ?

ಎಲ್ಲಾರಿಗೂ ನಮಸ್ಕಾರ. ಭಾಗ್ಯನಗರದಾಗ ನಮ್ಮ ಮನಿ ಕೆಲಸ ಮುಗಿಯಾಕ ಬಂದೈತಿ, ಅಡಗಿಮನಿ ಒಂದು ಉಳದೈತಿ. 10 ಅಡಿ, 8 ಅಡಿ, ಎಲ್ ಆಕಾರ.

ಹೊಸಪೇಟಿ ಶೋರೂಮಿನವ್ರು ಚಿಮಣಿ ಸೇರಿಸಿ 2,35,000 ಅಂದಾರ, ಆಫರ್ ಈ ತಿಂಗಳಷ್ಟ ಅಂತ ದಿನಾ ಫೋನ್ ಮಾಡ್ತಾರ. ಇಲ್ಲಿ ಅಂಗಡಿಯವ್ರು 1,80,000 ಅಂದ್ರು. ಚೀಟಿ ತಿರುವಿ ನೋಡಿದ್ರ 18% ಜಿಎಸ್‌ಟಿ ಬೇರೆ, ಸ್ಟೀಲ್ ಬುಟ್ಟಿ ಬೇರೆ, ಫಿಟ್ಟಿಂಗ್ ಕೂಲಿನೂ ಬೇರೆ! ನಮ್ಮ ಬಡಿಗೇರಣ್ಣ 1,50,000ಕ್ಕ ಮನ್ಯಾಗ ಕುಂತು ಮಾಡಿಕೊಡ್ತೀನಿ ಅಂತಾನ.

ಮೂರರಾಗೂ ಬರೇ ‘ವಾಟರ್‌ಪ್ರೂಫ್ ಪ್ಲೈವುಡ್’ ಅಂತ ಬರದಾರ. ಸಿಂಕ್ ಕೆಳಗರ ಐಎಸ್ 710 (ನೀರು ತಡಕೊಳ್ಳೋ ಮರೈನ್ ಪ್ಲೈವುಡ್) ಮುದ್ರಿ ಇರೋ ಹಲಗಿನ ಬೇಕಂತ ನಾನು, ಐಎಸ್ 303 (ಸಾಮಾನ್ಯ ಬಳಕಿ ಪ್ಲೈವುಡ್) ಸಾಕಂತ ಅವ್ರು. ಬಾಡಿಗಿ ಮನ್ಯಾಗ ಆ 303 ಹಲಗಿ ಎರಡ ವರ್ಷಕ್ಕ ನೀರು ಕುಡದು ಉಬ್ಬಿ, ಬಾಗಿಲಾನ ಮುಚ್ಚತಿರಲಿಲ್ಲ. ಅದಕ್ಕ ಹೆದರಿಕಿ.

ಇನ್ನೊಂದು, ಅವ್ವ ದಿನಾ ಕಟ್ಟಿ ಮ್ಯಾಲ ಜೋಳದ ರೊಟ್ಟಿ ಬಡೀತಾಳ. ಅದರ ಕೆಳಗ ಡ್ರಾಯರ್ ಇಟ್ರ ಅದು ಜಾರೋ ಪಟ್ಟಿ (ಚಾನಲ್) ಸಡಲ ಆಗ್ತಾವೇನ್ರಿ?

ಈ ಕಡೆ ಮಾಡಿಸಿದವ್ರು ದಯವಿಟ್ಟು ಹೇಳ್ರಿ: ಚದರಡಿಗೆ ಎಷ್ಟಾತು, ಅಳತಿ ಹೆಂಗ ಹಿಡದ್ರು, ಆಮ್ಯಾಲ ಹಿಂಜ್ ಕೆಟ್ರ ಬಂದು ನೋಡಿದ್ರೇನು? ಸೋಮವಾರ ಅಡ್ವಾನ್ಸ್ ಕೊಡಬೇಕಾಗೇತಿ.