ಇಳಿಯುವಾಗ ರನ್‌ವೇಗೆ ಜಿಂಕೆ ಬಂದರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ವಿಸ್ಕಾನ್ಸಿನ್‌ನಲ್ಲಿ ಸೆಸ್ನಾ 172 ಅನ್ನುವ ಪುಟ್ಟ ವಿಮಾನದಲ್ಲಿ ಪೈಲಟ್ ಟ್ರೇನಿಂಗ್ ಮಾಡುತ್ತಿದ್ದೇನೆ. ನಮ್ಮ ಏರ್‌ಪೋರ್ಟ್‌ಗೆ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲ್ ಟವರ್ ಇಲ್ಲ, ಬೇಲಿಯೂ ಇಲ್ಲ. ಒಂದು ಕಡೆ ಮುಸುಕಿನ ಜೋಳದ ಹೊಲ, ಇನ್ನೊಂದು ಕಡೆ ಕಾಡು. ಸದ್ಯದಲ್ಲೇ ನೈಟ್ ಫ್ಲೈಯಿಂಗ್ ಶುರು. ಯಾರಿಗಾದರೂ ಜಿಂಕೆ ಅಡ್ಡ ಬಂದಿದೆಯಾ?

ಮಿಷಿಗನ್‌ನಿಂದ: ಬಂದಿದೆ ತಮ್ಮಾ. ಅಕ್ಟೋಬರ್ ಕೊನೆ, ಹೊತ್ತು ಮುಳುಗಿತ್ತು. ಚಕ್ರ ನೆಲ ಮುಟ್ಟಿ ವೇಗ ಇಳಿಯುತ್ತಿದ್ದಾಗ ಎಡಗಡೆ ಹುಲ್ಲಿನಿಂದ ಒಂದು ಜಿಂಕೆ ಓಡಿ ದಾಟಿತು, ಸದ್ಯ ಹೋಯಿತು ಅನ್ನುವಷ್ಟರಲ್ಲಿ ಅದರ ಬೆನ್ನಿಗೇ ಬಂದ ಇನ್ನೊಂದು ಎಡಚಕ್ರದ ಕಾಲಿಗೆ ಬಡಿಯಿತು. ಒಂದು ಕಂಡರೆ ಹಿಂದೆ ಇನ್ನೂ ಇವೆ ಅಂತಲೇ ತಿಳಿದುಕೋ. ಎಡಗಡೆ ಬ್ರೇಕ್ ಪೆಡಲ್ ಒತ್ತಿದರೆ ಸುಮ್ನೆ ಒಳಗೆ ಹೋಯಿತು. ಸೆಸ್ನಾದಲ್ಲಿ ಬ್ರೇಕಿನ ಆಯಿಲ್ ಪೈಪ್ ಆ ಕಾಲಿನ ಉದ್ದಕ್ಕೇ ಇಳಿದಿರುತ್ತದೆ, ಅದು ಕಿತ್ತುಹೋಗಿತ್ತು. ಬಲಗಡೆಯದನ್ನು ಮಾತ್ರ ಒತ್ತಿದರೆ ವಿಮಾನ ಬಲಕ್ಕೆ ತಿರುಗುತ್ತದೆ, ಹಾಗಾಗಿ ರಡರ್‌ನಲ್ಲಿ (ಬಾಲದ ಚುಕ್ಕಾಣಿ) ನೇರ ಹಿಡಿದು ಓಡಲು ಬಿಟ್ಟೆ. ರನ್‌ವೇ ಉದ್ದವಾಗಿತ್ತು, ತಾನಾಗೇ ನಿಂತಿತು. ಹಿಂದೆ ಬರುವವರಿಗೆ ರೇಡಿಯೋದಲ್ಲಿ ಹೇಳಿ, ಮಿಕ್ಸ್ಚರ್ ಎಳೆದು ಎಂಜಿನ್ ನಿಲ್ಲಿಸಿ, ಕರೆಂಟಿನ ಮಾಸ್ಟರ್ ಸ್ವಿಚ್ ಆಫ್ ಮಾಡಿ ಇಳಿದೆ.

ಗಾಳಿಯಲ್ಲಿರುವಾಗಲೇ ಕಂಡರೆ ಯೋಚನೆಯೇ ಬೇಡ, ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರು. ಫುಲ್ ಪವರ್, ರೆಕ್ಕೆಯ ಹಿಂದಿನ ಫ್ಲಾಪ್ 20 ಡಿಗ್ರಿಗೆ ಮಡಚು, ವೇಗ ಬಂದ ಮೇಲೆ ಉಳಿದದ್ದನ್ನೂ. ಆದರೆ ಚಕ್ರ ಕೆಳಗಿದ್ದು ವೇಗ ಸತ್ತ ಮೇಲೆ ಅದರ ಮೇಲಿಂದ ಹಾರಿಸೋಣ ಅಂತ ಯೋಕ್ (ವಿಮಾನದ ಸ್ಟೀರಿಂಗ್) ಎಳೆಯಬೇಡ, ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು, ಬೀಳುತ್ತೀಯ. ಪಕ್ಕಕ್ಕೂ ತಿರುಗಿಸಬೇಡ, ಚಕ್ರದ ಕಾಲು ಮುರಿದು ವಿಮಾನ ಮಗುಚಬಹುದು. ನೇರ ಹಿಡಿದು ಬ್ರೇಕ್ ಒತ್ತು, ಗುದ್ದಿದರೆ ಗುದ್ದಲಿ. ಆ ಪ್ರಾಣಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೂ ಇದನ್ನೇ ಹೇಳುತ್ತೇನೆ.

ಇನ್ನೊಂದು ಮಾತು, ಪ್ರೊಪೆಲರ್‌ಗೆ ತಗುಲಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಮೆಕ್ಯಾನಿಕ್ ಬಿಚ್ಚಿ ನೋಡುವ ತನಕ ಹಾರಬೇಡ.

ಒಹಾಯೋದಿಂದ, ಇನ್‌ಸ್ಟ್ರಕ್ಟರ್: ಅಣ್ಣ ಹೇಳಿದ್ದು ಸರಿ. ಅಕ್ಟೋಬರ್, ನವೆಂಬರ್ ಬಿಳಿಬಾಲದ ಜಿಂಕೆಗಳ ಬೆದೆಕಾಲ, ಮುಂಜಾನೆ ಮುಸ್ಸಂಜೆ ಜಾಸ್ತಿ ಓಡಾಡುತ್ತವೆ. ಹೊರಡುವ ಮುಂಚೆ, ಏರ್‌ಪೋರ್ಟ್‌ಗಳ ವಿವರ ಇರುವ ಚಾರ್ಟ್ ಸಪ್ಲಿಮೆಂಟ್‌ನಲ್ಲಿ ಆ ಏರ್‌ಪೋರ್ಟ್‌ಗೆ ಜಿಂಕೆ ಎಚ್ಚರಿಕೆ ಇದೆಯಾ ನೋಡು. ದೂರದಲ್ಲಿರುವಾಗಲೇ ರೇಡಿಯೋದ ಮೈಕ್ ಬಟನ್ 5 ಸೆಕೆಂಡಿನಲ್ಲಿ 7 ಸಲ ಒತ್ತಿ ರನ್‌ವೇ ಲೈಟ್ ಜೋರು ಮಾಡು. ಅನುಮಾನ ಇದ್ದರೆ ತಗ್ಗಿನಲ್ಲಿ ಒಂದು ಸುತ್ತು ಹಾರಿ ಜಿಂಕೆಗಳನ್ನು ಓಡಿಸು, ಆದರೆ ನೀನು ತಿರುಗಿ ಬರುವಷ್ಟರಲ್ಲಿ ಅವೂ ತಿರುಗಿ ಬರಬಹುದು, ಎರಡನೇ ಸಲವೂ ಗೋ-ಅರೌಂಡ್‌ಗೆ ತಯಾರಾಗೇ ಇರು.

ಬೆಂಗಳೂರಿನಿಂದ: ದೊಡ್ಡ ವಿಮಾನಕ್ಕೂ ಇದು ತಪ್ಪಿದ್ದಲ್ಲ. 2015ರ ಡಿಸೆಂಬರ್‌ನಲ್ಲಿ ಜಬಲ್ಪುರದಲ್ಲಿ ಇಳಿಯುತ್ತಿದ್ದ ಸ್ಪೈಸ್‌ಜೆಟ್‌ನ ಕ್ಯೂ400 ವಿಮಾನಕ್ಕೆ ಕಾಡುಹಂದಿಗಳು ಅಡ್ಡ ಬಂದು, ಎಡಗಡೆ ಚಕ್ರದ ಕಾಲೇ ಕುಸಿದು ವಿಮಾನ ರನ್‌ವೇಯಿಂದ ಆಚೆ ಹೋಯಿತು. ಪುಣ್ಯಕ್ಕೆ ಯಾರ ಜೀವಕ್ಕೂ ತೊಂದರೆ ಆಗಲಿಲ್ಲ. ನೀವು ಜಿಂಕೆ ಕಂಡರೆ ಸಾಕು, ಗುದ್ದದಿದ್ದರೂ ಏರ್‌ಪೋರ್ಟ್ ಮ್ಯಾನೇಜರ್‌ಗೆ ಹೇಳಿ. ಗುದ್ದಿದ್ದರೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಫಾರ್ಮ್ 5200-7 ಆನ್‌ಲೈನಲ್ಲೇ ತುಂಬಬಹುದು. ಬೇಲಿಗೆ ದುಡ್ಡು ಕೇಳುವಾಗ ಅವರ ಕೈಯಲ್ಲಿ ದಾಖಲೆ ಇರಬೇಕಲ್ವಾ?