ಮಹಡಿ ಕೋಣೆಗೆ ತೇಗದ ನೆಲ: ಹಾಸುವ ಮೊದಲು ನೋಡಬೇಕಾದ್ದು, ಹಾಸಿದ ಮೇಲೆ ಮಾಡಬಾರದ್ದು

ಪ್ರಶ್ನೆ: ಮನೆ ಮೂಡಿಗೆರೆ ಹತ್ತಿರ. ಮಹಡಿಯ 12×15 ಅಡಿ ಕೋಣೆಗೆ ಮರದ ನೆಲ ಮಾಡಿಸಬೇಕು. ಆರ್‌ಸಿಸಿ ಮೇಲೆ ಎರಡು ಇಂಚು ಸಿಮೆಂಟ್ ಗಾರೆ ಹಾಕಿ ಒಂದು ತಿಂಗಳಾಗಿದೆ. ತೇಗದ ಹಲಗೆ ಸೀಳಿಸಿಟ್ಟು ಐದು ತಿಂಗಳು. ಏಪ್ರಿಲ್‌ನಲ್ಲೇ ಹಾಸಿಬಿಡೋಣ, 6 ಇಂಚು ಅಗಲದ ಹಲಗೆಯೇ ಚೆಂದ ಅಂತಾರೆ ಆಚಾರಿ. ಎಷ್ಟು ಮರ ಬೇಕು? ಏನೇನು ಗಮನಿಸಬೇಕು?

ಉತ್ತರ (ಮರಗೆಲಸ): ಮರದ ಲೆಕ್ಕ ಸುಲಭ ಸರ್. 180 ಚದರಡಿಗೆ ಒಂದಿಂಚು ದಪ್ಪದ ಹಲಗೆ ಅಂದರೆ 15 ಸಿಎಫ್‌ಟಿ (ಘನ ಅಡಿ). ಟಂಗ್-ಗ್ರೂವ್‌ಗೆ (ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ಕಾಲುವೆಯಲ್ಲಿ ಕೂರುವ ಜೋಡಣೆ) ಹೋಗುವ ಅಗಲ, ತುಂಡು ಕತ್ತರಿಸುವುದು, ಗಂಟು ತೆಗೆಯುವುದು ಸೇರಿಸಿ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಳ್ಳಿ. 19 ಸಿಎಫ್‌ಟಿ ಇದ್ದರೆ ಸಾಕು. ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಸುತ್ತ ಇರುವ ಬಿಳಿ ಭಾಗವನ್ನು ಹಲಗೆಯಲ್ಲಿ ಬಿಡಲೇಬೇಡಿ, ಕುಟ್ಟೆ ಹುಳ ಶುರುವಾಗುವುದೇ ಅಲ್ಲಿ. ಹಿಟ್ಟಿನಂಥ ನುಣ್ಣನೆ ಪುಡಿ ಉದುರಿದರೆ ಅದು ಕುಟ್ಟೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಎರಡಕ್ಕೂ ಮದ್ದು ಬೇರೆ ಬೇರೆ.

ನಿಜವಾದ ಪ್ರಶ್ನೆ ಮರ ಎಷ್ಟು ಒಣಗಿದೆ ಅನ್ನುವುದು. ಐದು ತಿಂಗಳು ಅಂತ ಲೆಕ್ಕ ಹಿಡಿದು ಹಾಸಬೇಡಿ, ಅಳೆದು ನೋಡಿ. ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ಆಗುತ್ತದೆ. ಹಲಗೆಯ ತುದಿ ಬೇಗ ಒಣಗಿರುತ್ತದೆ, ಅದು ಬೇಡ. ತುದಿಯಿಂದ ಒಂದಡಿ ಒಳಗೆ ಒಂದಿಂಚಿನ ಪಟ್ಟಿ ಕತ್ತರಿಸಿ ತಕ್ಷಣ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 103 ಡಿಗ್ರಿಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಮೊದಲು 115 ಗ್ರಾಂ, ಕೊನೆಗೆ 100 ಗ್ರಾಂ ಬಂದರೆ ತೇವ ಶೇ. 15. ನಿಮಗೆ ಬೇಕಾದ್ದು 11–12ರ ಆಸುಪಾಸು. ನಾಲ್ಕೈದು ಹಲಗೆ ಪರೀಕ್ಷಿಸಿ, ಒಂದೇ ಹಲಗೆ ನಂಬಬೇಡಿ.

ಅಗಲದ ವಿಷಯದಲ್ಲಿ ಆಚಾರಿಯವರ ಮಾತು ನನಗೆ ಒಪ್ಪಿಗೆಯಿಲ್ಲ. ತೇವ ಶೇ. 10ರಿಂದ 15ಕ್ಕೆ ಏರಿದರೆ 90 ಮಿ.ಮೀ. ಅಗಲದ ತೇಗದ ಹಲಗೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ. 150 ಮಿ.ಮೀ. ಆದರೆ ಒಂದೂವರೆ. ಬೇಸಿಗೆಯಲ್ಲಿ ಅಷ್ಟೇ ಬಿರುಕಾಗಿ ಕಾಣುತ್ತದೆ. ಮೂರರಿಂದ ಮೂರೂವರೆ ಇಂಚು ಸಾಕು. ತೇಗದ ಗುಣ ಒಳ್ಳೆಯದೇ, ಓಕ್ ಮರದ ಹೆಚ್ಚುಕಡಿಮೆ ಅರ್ಧದಷ್ಟೇ ಅದು ಕುಗ್ಗುವುದು. ಆದರೂ ಮಲೆನಾಡಿನ ಜುಲೈ ಅಂದರೆ ಜುಲೈ. ಏಪ್ರಿಲ್‌ನ ಒಣ ಹವೆಯಲ್ಲಿ ಸುತ್ತಿಗೆಯಿಂದ ಹೊಡೆದು ಬಿಗಿಯಾಗಿ ಹಾಸಿದ ನೆಲ ಮಳೆಗಾಲದಲ್ಲಿ ಹಿಗ್ಗಲು ಜಾಗ ಸಿಗದೆ ಮಧ್ಯದಲ್ಲಿ ಎದ್ದು ನಿಲ್ಲುತ್ತದೆ. ಮಳೆ ನಿಂತ ಮೇಲೆ, ನವೆಂಬರ್-ಡಿಸೆಂಬರ್‌ನಲ್ಲಿ ಹಾಸುವುದು ಮೇಲು. ಏಪ್ರಿಲ್ ಬಿಟ್ಟರೆ ಬೇರೆ ದಾರಿಯೇ ಇಲ್ಲವೆಂದರೆ ಐದಾರು ಹಲಗೆಗೊಮ್ಮೆ ಒಂದು ಮಿ.ಮೀ. ಸಂದು ಬಿಡಿಸಿ. ಗೋಡೆಯ ಸುತ್ತ 12–15 ಮಿ.ಮೀ. ಜಾಗ ಇರಲೇಬೇಕು. ಅದನ್ನು ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್ ಮುಚ್ಚುತ್ತದೆ. ಸ್ಕರ್ಟಿಂಗನ್ನು ಗೋಡೆಗೆ ಹೊಡೆಯಬೇಕೇ ಹೊರತು ನೆಲಕ್ಕಲ್ಲ.

ಗಾರೆ ಒಂದಿಂಚಿಗೆ ಒಂದು ತಿಂಗಳು ಒಣಗಬೇಕು ಅನ್ನುವುದು ರೂಢಿ ಲೆಕ್ಕ. ನಿಮ್ಮದಕ್ಕೆ ಕಡಿಮೆಯೆಂದರೂ ಇನ್ನೊಂದು ತಿಂಗಳು ಬೇಕು, ಮಳೆ ಬಿದ್ದರೆ ಇನ್ನೂ ಹೆಚ್ಚು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ತೆಗೆದಾಗ ಅಡಿಯಲ್ಲಿ ಬೆವರಿದ್ದರೆ ಅಥವಾ ಗಾರೆ ಕಪ್ಪಾಗಿದ್ದರೆ ಕಾಯಬೇಕು. ಒಣಗಿದ ಮೇಲೆ 200 ಮೈಕ್ರಾನ್ ಪಾಲಿಥಿನ್ ಹಾಸಿ, ಒಂದರ ಮೇಲೊಂದು ಎಂಟಿಂಚು ಬರಲಿ, ಟೇಪ್ ಹಾಕಿ. ಅದರ ಮೇಲೆ 2×1 ಇಂಚಿನ ರೀಪು, ಅಡಿಗೊಂದರಂತೆ. ರೀಪಿನ ಸ್ಕ್ರೂ ಪಾಲಿಥಿನ್ ತೂತು ಮಾಡುವ ಕಡೆಯೆಲ್ಲ ಸೀಲೆಂಟ್ ತುಂಬಿಸಿ. ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ. ಹಲಗೆಗೆ ಮೇಲಿನಿಂದ ಮೊಳೆ ಬೇಡ, ಟಂಗ್ ಬುಡದಲ್ಲಿ ಓರೆಯಾಗಿ ಹೊಡೆಸಿ.

ಪ್ರಶ್ನೆ: ಅದೇ ನೆಲಕ್ಕೆ ಪಾಲಿಶ್ ಯಾವುದು? ಬಾಗಿಲಿಗೆ ಮಾಡಿಸಿದ ಮೆಲಮೈನ್ ಆಗುತ್ತಾ?

ಉತ್ತರ (ಪಾಲಿಶ್ ಕೆಲಸ): ಮೆಲಮೈನ್ ಪೀಠೋಪಕರಣಕ್ಕೆ ಸರ್. ನಡೆದಾಡುವ ನೆಲದಲ್ಲಿ ಬೇಗ ಗೀರು ಬೀಳುತ್ತದೆ. ನೆಲಕ್ಕೆಂದೇ ಬರುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಿ. 40ರ ಒರಟು ಉಪ್ಪುಕಾಗದದಿಂದ ಶುರುಮಾಡಿ 60, 80, 120 ಅಂತ ನುಣುಪಿನ ಕಡೆಗೆ ಏರಬೇಕು. ನಡುವೆ ಒಂದನ್ನು ಹಾರಿಸಿದರೂ ಹಿಂದಿನದರ ಗೀರು ಪಾಲಿಶ್ ಅಡಿಯಲ್ಲಿ ಎದ್ದು ಕಾಣುತ್ತದೆ. ತೇಗದಲ್ಲಿ ಸಹಜ ಎಣ್ಣೆ ಇರುವುದರಿಂದ ಕೆಲವೊಮ್ಮೆ ಪಿಯು ಒಣಗದೆ ಅಂಟಂಟಾಗಿ ಉಳಿಯುತ್ತದೆ. ಮೊದಲ ಕೋಟ್‌ಗೆ ಸ್ವಲ್ಪ ಮುಂಚೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ತಕ್ಷಣ ಬಳಿಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒಟ್ಟು ಮೂರು ಕೋಟ್. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿಡಿ.

ಪ್ರಶ್ನೆ: ನಮ್ಮದು ಬೆಂಗಳೂರಿನ ಫ್ಲಾಟ್, ಎಂಜಿನಿಯರ್ಡ್ ಮರದ (ಪದರ ಪದರವಾಗಿ ಅಂಟಿಸಿದ ಹಲಗೆಯ) ನೆಲ. ಎಸಿ ನೀರು ಸೋರಿದ ಜಾಗದಲ್ಲಿ ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಗಿದೆ. ಉಜ್ಜಿಸಿ ಸಮ ಮಾಡಿಸಬಹುದಾ? ದಿನಾ ಫಿನಾಯಿಲ್ ಹಾಕಿ ಒರೆಸುತ್ತೇವೆ.

ಉತ್ತರ (ಮರಗೆಲಸ): ಈಗ ಉಜ್ಜಿಸಬೇಡಿ ಮೇಡಂ. ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ನೀರು ಕುಡಿದಿದೆ, ಅದಕ್ಕೇ ಅಂಚು ಎದ್ದಿದೆ. ಈಗ ಅಂಚು ಸವೆಸಿದರೆ ಒಣಗಿ ಹಲಗೆ ಮೊದಲಿನಂತಾದಾಗ ನಡುವೆಯೇ ಉಬ್ಬು ಉಳಿಯುತ್ತದೆ. ಮೊದಲು ಸೋರಿಕೆ ನಿಲ್ಲಿಸಿ. ಆ ಕಡೆಯ ಸ್ಕರ್ಟಿಂಗ್ ಬಿಚ್ಚಿ ಫ್ಯಾನ್ ಹಾಕಿ, ಒಂದೆರಡು ತಿಂಗಳು ಕಾಯಿರಿ. ಬಹಳಷ್ಟು ಹಲಗೆ ತಾನೇ ಕೂರುತ್ತದೆ. ಪದರ ಬಿಟ್ಟಿದ್ದರೆ ಮಾತ್ರ ಬದಲಾಯಿಸಬೇಕು. ಆಮೇಲೂ ಉಜ್ಜಿಸುವುದಾದರೆ ಮೇಲಿನ ಅಸಲಿ ಮರದ ಪದರ 3 ಮಿ.ಮೀ. ಆದರೂ ಇದೆಯೇ ಎಂದು ಹೊಸ್ತಿಲ ಪಟ್ಟಿ ಬಿಚ್ಚಿ ನೋಡಿ.

ಉತ್ತರ (ಪಾಲಿಶ್ ಕೆಲಸ): ಫಿನಾಯಿಲ್ ನಿಲ್ಲಿಸಿ ಮೇಡಂ, ಬಕೆಟ್ ನೀರೂ ಬೇಡ, ಸ್ಟೀಮ್ ಮಾಪ್ ಅಂತೂ ಬೇಡವೇ ಬೇಡ. ದಿನವೂ ಒಣ ಮೈಕ್ರೋಫೈಬರ್‌ನಿಂದ ಮರಳು-ಧೂಳು ತೆಗೆಯಿರಿ, ಪಾಲಿಶ್ ತಿನ್ನುವುದು ಈ ಮರಳೇ. ವಾರಕ್ಕೊಮ್ಮೆ ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು. ಒರೆಸಿದ ತೇವ ಒಂದೆರಡು ನಿಮಿಷದಲ್ಲಿ ಆರಬೇಕು. ಹೊಳಪಿಗೆ ಮೇಣ ಹಚ್ಚಬೇಡಿ, ಮುಂದೆ ಹಾಕುವ ಪಿಯು ಅದರ ಮೇಲೆ ಹಿಡಿಯುವುದಿಲ್ಲ. ವರ್ಷಕ್ಕೊಮ್ಮೆ, ಹೆಚ್ಚು ಓಡಾಡುವ ಕಡೆ ನಾಲ್ಕು ಹನಿ ನೀರು ಹಾಕಿ ಐದು ನಿಮಿಷ ನೋಡಿ. ಹನಿ ಗುಂಡಗೆ ನಿಂತರೆ ಪಾಲಿಶ್ ಇದೆ. ಇಂಗಿ ಮರ ಕಪ್ಪಾದರೆ 150ರ ಕಾಗದದಿಂದ ಮೇಲೆ ಮೇಲೆ ಉಜ್ಜಿ ಒಂದು ಕೋಟ್ ಹಾಕಿಸುವ ಹೊತ್ತು.