ಒಂದೇ ದಿಮ್ಮಿ ಕೆಳಗೆ ಎರಡು ಬಣ್ಣದ ಸಲಮ್ಯಾಂಡರ್, ಜಾತಿ ಒಂದೇನಾ?

ಕಾಡುದಾರಿ:
ನಮಸ್ಕಾರ. ನಾವಿರೋದು ಉತ್ತರ ನ್ಯೂಜೆರ್ಸಿಯಲ್ಲಿ, ಮನೆ ಹಿಂದೆಯೇ ಓಕ್ ಕಾಡು. ನಿನ್ನೆ ಮಳೆ ನಿಂತ ಮೇಲೆ ಮಗಳ ಜೊತೆ ಹೋಗಿ ಒಂದು ಕೊಳೆತ ಮರದ ದಿಮ್ಮಿ ಹೊರಳಿಸಿದೆ, ಕೆಳಗೆ ಎರಡು ಸಣ್ಣ ಸಲಮ್ಯಾಂಡರ್ (ಹಲ್ಲಿ ಆಕಾರದ, ಕಪ್ಪೆಯ ಬಳಗದ ಪ್ರಾಣಿ). ಒಂದಕ್ಕೆ ಕತ್ತಿನಿಂದ ಬಾಲದವರೆಗೆ ಇಟ್ಟಿಗೆ ಬಣ್ಣದ ನೇರ ಪಟ್ಟೆ. ಇನ್ನೊಂದು ಪೂರ್ತಿ ಬೂದು. ಎರಡೂ ಕಿರುಬೆರಳಿಗಿಂತ ಸ್ವಲ್ಪ ಉದ್ದ, ತುಂಬಾ ತೆಳು. ಊರಿಂದ ಬಂದಿರುವ ಅಮ್ಮ ಫೋಟೋ ನೋಡಿ ಹಾವುರಾಣಿ ಮರಿ ಅಂತಾರೆ. ಹತ್ತಿರ ಹೊಳೆ, ಕೆರೆ ಯಾವುದೂ ಇಲ್ಲ. ಇವು ಬೇರೆ ಬೇರೆ ಜಾತಿನಾ?

ಒದ್ದೆಎಲೆ:
ಹಾವುರಾಣಿ ಅಲ್ಲ. ಅದಕ್ಕೆ ಮೈತುಂಬ ಹುರುಪೆ, ಬೆರಳಿಗೆ ಉಗುರು ಇರುತ್ತದೆ. ಇವುಗಳದ್ದು ಕಪ್ಪೆ ಥರ ಒದ್ದೆ ಚರ್ಮ, ಉಗುರಿಲ್ಲ. ಅಮ್ಮ ನೋಡಿರಲು ಸಾಧ್ಯವೂ ಇಲ್ಲ, ಕರ್ನಾಟಕದಲ್ಲಿ ಸಲಮ್ಯಾಂಡರ್ ಇಲ್ಲ, ಭಾರತದಲ್ಲಿ ಡಾರ್ಜಿಲಿಂಗ್, ಮಣಿಪುರದ ಕಡೆ ಹೋಗಬೇಕು.

ನನಗೆ ಎರಡೂ ರೆಡ್‌ಬ್ಯಾಕ್ ಸಲಮ್ಯಾಂಡರ್ ಅನ್ನಿಸುತ್ತದೆ, ವೈಜ್ಞಾನಿಕ ಹೆಸರು ಪ್ಲೆಥೊಡಾನ್ ಸಿನೇರಿಯಸ್. ಈ ಜಾತಿಯಲ್ಲೇ ಪಟ್ಟೆ ಇರುವುದು, ಇಲ್ಲದ ಬೂದಿನದು ಅಂತ ಎರಡು ಬಗೆ. ಹಾಗಾಗಿ ಬೆನ್ನು ನೋಡಿ ತೀರ್ಮಾನಿಸಬೇಡಿ, ಹೊಟ್ಟೆ ನೋಡಿ. ಇದರ ಹೊಟ್ಟೆಯಲ್ಲಿ ಕಪ್ಪು ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಬೆರೆತಿರುತ್ತವೆ. ನೀರೂ ಬೇಕಿಲ್ಲ ಇದಕ್ಕೆ. ಮೊಟ್ಟೆ ಇಡುವುದು ದಿಮ್ಮಿ ಕೆಳಗೇ, ಗೊದಮೊಟ್ಟೆ ಹಂತವೇ ಇಲ್ಲ, ಮರಿ ನೇರ ನಾಲ್ಕು ಕಾಲಿನ ಸಲಮ್ಯಾಂಡರ್ ಆಗಿಯೇ ಹೊರಬರುತ್ತದೆ.

ಪಾಚಿಗಲ್ಲು:
ಹಿಂಗಾಲಿನ ಬೆರಳೂ ಎಣಿಸಿ. ರೆಡ್‌ಬ್ಯಾಕ್‌ಗೆ ಐದು. ನಾಲ್ಕೇ ಇದ್ದು, ಹೊಟ್ಟೆ ಅಚ್ಚ ಬಿಳಿ, ಅದರ ಮೇಲೆ ಕಪ್ಪು ಚುಕ್ಕೆ, ಬಾಲದ ಬುಡದಲ್ಲಿ ದಾರ ಬಿಗಿದ ಹಾಗೆ ಸಣ್ಣದಾಗಿದ್ದರೆ ಅದು ಫೋರ್‌ಟೋಡ್ (ನಾಲ್ಕು ಬೆರಳಿನ) ಸಲಮ್ಯಾಂಡರ್, ಸಿಗೋದು ಅಪರೂಪ. ಹೊಟ್ಟೆ ಹಳದಿ ಇದ್ದರೆ ಟೂಲೈನ್ಡ್ (ಎರಡು ಗೆರೆಯ) ಸಲಮ್ಯಾಂಡರ್, ಅದು ಜಾಸ್ತಿ ಹಳ್ಳದ ಹತ್ತಿರ.

ದಯವಿಟ್ಟು ಒಣ ಕೈಯಲ್ಲಿ ಹಿಡಿಯಬೇಡಿ. ಇವಕ್ಕೆ ಶ್ವಾಸಕೋಶವೇ ಇಲ್ಲ, ಉಸಿರಾಟ ಚರ್ಮ ಮತ್ತು ಬಾಯಿಯ ಒಳಪದರದಿಂದ, ಕೈಗೆ ಹಚ್ಚಿದ ಸನ್‌ಸ್ಕ್ರೀನ್, ಸ್ಯಾನಿಟೈಸರ್ ಎಲ್ಲ ನೇರ ಅದರ ಮೈಗೆ ಇಳಿಯುತ್ತದೆ. ಬಾಲ ಹಿಡಿದರೆ ಕಳಚಿಬಿಡುತ್ತದೆ. ತೆಳು ಪ್ಲಾಸ್ಟಿಕ್ ಕವರ್‌ಗೆ ಒದ್ದೆ ಎಲೆ ಹಾಕಿ, ಅದರೊಳಗೆ ಬಿಟ್ಟು, ಕೆಳಗಿನಿಂದ ಫೋಟೋ ತೆಗೆಯಿರಿ.

ಕಾಡುದಾರಿ:
ಥ್ಯಾಂಕ್ಸ್! ಹಾಗೇ ಮಾಡಿದೆವು. ಎರಡರ ಹೊಟ್ಟೆಯೂ ಕಪ್ಪು ಬಿಳಿ, ಹಿಂಗಾಲಲ್ಲಿ ಐದು ಬೆರಳು. ಮಗಳು ಇನ್ನೂ ಬೇರೆ ದಿಮ್ಮಿ ನೋಡಬೇಕು ಅಂತಿದ್ದಾಳೆ, ನೋಡಬಹುದಾ?

ಒದ್ದೆಎಲೆ:
ಹಾಗಾದರೆ ಎರಡೂ ರೆಡ್‌ಬ್ಯಾಕೇ. ದಿಮ್ಮಿ ನೋಡಿ, ಆದರೆ ಜೂನ್ ಜುಲೈನಲ್ಲಿ ಬೇಡ, ತಾಯಿ ಮೊಟ್ಟೆ ಸುತ್ತಿಕೊಂಡು ಕಾಯುತ್ತಿರುತ್ತದೆ. ಮೊದಲು ದಿಮ್ಮಿಯನ್ನು ಇದ್ದ ಗುಂಡಿಗೇ ಇಡಿ, ಆಮೇಲೆ ಪ್ರಾಣಿಯನ್ನು ಅಂಚಲ್ಲಿ ಬಿಡಿ, ತಾನೇ ಒಳಗೆ ಹೋಗುತ್ತದೆ.